ಕಟ್ಟೆಯ ಮೇಲಿನವರೂ ಕೆಳಗಿನವರೂ

ಐಜದ ಸುತ್ತಲಿನ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದೇ ಆ ಹೆಸರಿನ ಅರ್ಥ. ನಮ್ಮ ತೆಲುಗು ಬಂಧುಗಳು ಇದನ್ನೇ ನಡಿಗಡ್ಡ ಎನ್ನುವರು. ಬಡಗಣ ದಿಕ್ಕಿಗೆ ಕೃಷ್ಣೆ, ತೆಂಕಣ ದಿಕ್ಕಿಗೆ ತುಂಗಭದ್ರೆ. ಇಂತಹ ನೆಲದಲ್ಲಿ ಹುಟ್ಟಿದವನಿಗೆ ನೀರಿನ ಚಿಂತೆ ಇರಲಾರದೆಂದು ದೂರದವರು ಭಾವಿಸುವುದು ಸಹಜ. ವಸ್ತುಸ್ಥಿತಿಯಾದರೋ ಬೇರೆ. ಒಂದು ವರ್ಷ ಕಾಲುವೆಗೆ ನೀರು ಬಾರದೆ ಹತ್ತಿಯೂ ಮೆಣಸಿನ ಗಿಡವೂ ಒಣಗುವುದನ್ನು ಕಂಡು ಮರುಗುತ್ತೇವೆ. ಇನ್ನೊಂದು ವರ್ಷ ಹೊಳೆ ದಂಡೆ ಮೀರಿತೆಂದು ದನಕರುಗಳ ಹಗ್ಗ ಬಿಚ್ಚಿ ದಿಬ್ಬದ ಕಡೆಗೆ ಓಡುತ್ತೇವೆ. ಬರವೂ ನೆರೆಯೂ ಪರಸ್ಪರ ವಿರುದ್ಧವಾದ ಎರಡು ಕಷ್ಟಗಳೆಂದು ತೋರಿದರೂ ನಮ್ಮ ಪಾಲಿಗೆ ಅವುಗಳ ಬೇರು ಒಂದೇ. ನಮ್ಮ ನೀರನ್ನು ತಡೆಯುವ ಕಟ್ಟೆಗಳೂ ಬಿಡುವ ಕಟ್ಟೆಗಳೂ ಹೆಚ್ಚಾಗಿ ನಮ್ಮ ಕಣ್ಣಿಗೆ ಕಾಣದಷ್ಟು ಮೇಲಿವೆ. ಅಲ್ಲಿ ನಡೆಯುವುದೇನೆಂಬುದು ನಮಗೆ ತಿಳಿಯುವ ಹೊತ್ತಿಗೆ ನೀರು ಬಂದಿರುತ್ತದೆ, ಇಲ್ಲವೆ ನಿಂತಿರುತ್ತದೆ.

ಆದುದರಿಂದ ಈ ಕಿರುಹೊತ್ತಗೆಯಲ್ಲಿ ಅಣೆಕಟ್ಟುಗಳ ವಿಚಾರವನ್ನು ಗ್ರಾಮಬಂಧುಗಳ ಮುಂದಿಡಲು ಬಯಸುತ್ತೇವೆ. ಕಟ್ಟೆಯ ಲೆಕ್ಕವನ್ನು ಇಂಜಿನಿಯರರಿಗೇ ಬಿಟ್ಟು ಸುಮ್ಮನಿರುವುದು ರೈತನಿಗೆ ತರವಲ್ಲ. ಆ ಲೆಕ್ಕ ಕಠಿಣವೂ ಅಲ್ಲ. ನಮ್ಮ ಊರಿನ ಐದನೆಯ ತರಗತಿಯ ಹುಡುಗನ ಗುಣಾಕಾರ ಭಾಗಾಕಾರಗಳು ಅದಕ್ಕೆ ಸಾಕು.

ಕಲ್ಲುಮಣ್ಣಿನ ಕಟ್ಟೆಯ ಗುಣ

ದೊಡ್ಡ ಅಣೆಕಟ್ಟನ್ನು ಅರಿಯಲು ಮೊದಲು ನಮ್ಮ ಊರ ಕೆರೆಯನ್ನು ನೋಡೋಣ. ಕೆರೆಗೆ ಮುಖ್ಯವಾಗಿ ಮೂರು ಅಂಗಗಳು: ನೀರನ್ನು ತಡೆಯುವ ಏರಿ, ಹೊಲಕ್ಕೆ ನೀರು ಬಿಡುವ ತೂಬು, ಹೆಚ್ಚಾದ ನೀರನ್ನು ಹೊರಹಾಕುವ ಕೋಡಿ. ಏರಿ ಮಣ್ಣಿನದು, ನೀರಿನ ಕಡೆಯ ಮೈಗೆ ಅಲೆ ಕೊರೆಯದಂತೆ ಕಲ್ಲುಹಾಸು. ಕೋಡಿ ಬಿದ್ದರೆ ಊರಿಗೆ ಹಬ್ಬ. ನೀರು ಏರಿಯ ಮೇಲೆ ಹತ್ತಿದರೆ ಊರಿಗೆ ಕೇಡು. ಈ ಒಂದು ಮಾತನ್ನು ತಿಳಿದವನು ಜಗತ್ತಿನ ಅತಿ ಎತ್ತರದ ಕಲ್ಲುತುಂಬಿದ ಕಟ್ಟೆಯ ಮರ್ಮವನ್ನೂ ತಿಳಿದಂತೆಯೇ.

ಕಲ್ಲು ತುಂಬಿ ಕಟ್ಟುವ ಅಣೆಕಟ್ಟು ಸಿಮೆಂಟಿನ ಗೋಡೆಯಲ್ಲ. ಹತ್ತಿರದ ಗುಡ್ಡವನ್ನು ಒಡೆದು ಬಂದ ಬಂಡೆಗಳನ್ನು ಪದರ ಪದರವಾಗಿ ಸುರಿದು, ಭಾರವಾದ ಉರುಳುಯಂತ್ರಗಳಿಂದ ಅದುಮಿ, ಎರಡು ಕಡೆಗೂ ಇಳಿಜಾರಾಗಿ ಎಬ್ಬಿಸಿದ ಗುಡ್ಡವದು. ಕಲ್ಲುಗಳ ಸಂದಿನಲ್ಲಿ ನೀರು ನುಸುಳುವುದರಿಂದ ನಡುವೆ ಜೇಡಿಮಣ್ಣಿನ ಒಳಗೋಡೆಯೊಂದನ್ನು ಕೂಡಿಸುವರು, ಇಲ್ಲವೆ ನೀರಿನ ಕಡೆಯ ಮುಖಕ್ಕೆ ಕಾಂಕ್ರೀಟಿನ ಹೊದಿಕೆ ಹಾಕುವರು. ಜೇಡಿಮಣ್ಣು ಕೊಚ್ಚಿಹೋಗದಂತೆ ಅದರ ಪಕ್ಕಕ್ಕೆ ಮರಳಿನದೂ ಜಲ್ಲಿಯದೂ ಜರಡಿಪದರಗಳಿರುವುವು. ಸ್ಥಳದಲ್ಲಿಯೇ ದೊರೆಯುವ ಕಲ್ಲುಮಣ್ಣುಗಳು ಸಾಕಾಗುವುದರಿಂದ ಖರ್ಚಿನಲ್ಲಿ ಉಳಿತಾಯ; ನೆಲ ನಡುಗಿದಾಗ ಗೋಡೆಯಂತೆ ಸೀಳದೆ ತುಸು ಕುಸಿದು ಮತ್ತೆ ನೆಲೆಗೊಳ್ಳುವುದರಿಂದ ಭೂಕಂಪದ ಸೀಮೆಗೂ ಅದು ಒಪ್ಪುತ್ತದೆ. ಹಿಮಾಲಯದಲ್ಲಿ ಭಾಗೀರಥಿಗೆ ಅಡ್ಡಲಾಗಿ ನಿಂತಿರುವ ತೆಹ್ರಿ ಅಣೆಕಟ್ಟು ಈ ಬಗೆಯದು. ಅದರ ಎತ್ತರ ೨೬೦.೫ ಮೀಟರು, ೨೦೦೬ರಿಂದ ವಿದ್ಯುತ್ತು ಕೊಡುತ್ತಿರುವ ಅಲ್ಲಿನ ಮೊದಲ ಯಂತ್ರಾಗಾರದ ಶಕ್ತಿ ೧೦೦೦ ಮೆಗಾವಾಟು. ೨೦೧೩ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಮೇಲೆ ಬಿದ್ದ ಮಹಾಮಳೆಯ ನೀರಿನಲ್ಲಿ ಭಾಗೀರಥಿಯ ಪಾಲನ್ನು ಆ ಕಟ್ಟೆ ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡಿತು. ಅದೇ ಕಟ್ಟೆಗಾಗಿ ಹಳೆಯ ತೆಹ್ರಿ ಪಟ್ಟಣವೊಂದು ಇಡಿಯಾಗಿ ನೀರಿನಡಿ ಮುಳುಗಿತೆಂಬುದನ್ನೂ ಇಲ್ಲಿಯೇ ಹೇಳಬೇಕು.

ಇಂತಹ ಕಟ್ಟೆಗೆ ಇರುವ ದೊಡ್ಡ ದೌರ್ಬಲ್ಯವೊಂದು. ಕಲ್ಲುಗಾರೆಯ ಗೋಡೆಯ ಮೇಲೆ ನೀರು ಹರಿದರೆ ಗೋಡೆ ತಾಳಬಹುದು. ಮಣ್ಣಿನ ಅಥವಾ ಕಲ್ಲುತುಂಬಿನ ಏರಿಯ ಮೇಲೆ ನೀರು ಹರಿದರೆ ಅದು ಕೆಲವೇ ಗಂಟೆಗಳಲ್ಲಿ ಕೊರೆದುಹೋಗುವುದು. ಗುಜರಾತಿನ ಮೋರ್ಬಿಯ ಬಳಿಯ ಮಚ್ಛೂ ಎರಡನೆಯ ಅಣೆಕಟ್ಟು ೧೯೭೯ರ ಆಗಸ್ಟ್ ೧೧ರಂದು ಒಡೆದುದು ಹೀಗೆಯೇ. ಕೋಡಿಗೇಟುಗಳು ಸಾಗಿಸಬಲ್ಲದ್ದಕ್ಕಿಂತ ಹೆಚ್ಚು ನೀರು ಬಂದಿತು. ಮಣ್ಣಿನ ಏರಿಯ ಮೇಲೆ ಹತ್ತಿತು. ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಬಹಳ ದೂರವೇಕೆ? ೨೦೨೧ರ ನವೆಂಬರ್ ೧೯ರಂದು ಕಡಪಾ ಜಿಲ್ಲೆಯ ಚೆಯ್ಯೇರು ಹೊಳೆಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಏರಿ ಕೊಚ್ಚಿಹೋಯಿತು. ಇದ್ದ ಗೇಟುಗಳಲ್ಲಿ ಒಂದು ಕೆಟ್ಟು ನಿಂತಿದ್ದುದು ಆ ದಿನದ ವಿಪತ್ತನ್ನು ಹೆಚ್ಚಿಸಿತು. ಏರಿ ಎಷ್ಟೇ ಗಟ್ಟಿಯಾಗಿರಲಿ, ಕೋಡಿ ಸರಿಯಾಗಿಲ್ಲದ ಕಟ್ಟೆ ಕಟ್ಟೆಯಲ್ಲ. ನಮ್ಮ ಹಿರಿಯರು ಕೆರೆಯ ಕೋಡಿಯನ್ನು ಕಾಯುತ್ತಿದ್ದುದು ಇದೇ ಕಾರಣಕ್ಕಾಗಿ.

ಬೆಳಕಿಗೆ ತುಂಬಿದ ಕಟ್ಟೆ, ನೆರೆಗೆ ಬರಿದಾದ ಕಟ್ಟೆ

ನಮ್ಮ ಮನೆಬಾಗಿಲಿನ ದೊಡ್ಡ ಕಟ್ಟೆಯೆಂದರೆ ಗದ್ವಾಲದ ಬಳಿ ಕೃಷ್ಣೆಗೆ ಕಟ್ಟಿರುವ ಪ್ರಿಯದರ್ಶಿನಿ ಜೂರಾಲ. ಅದಕ್ಕೆ ೧೯೮೧ರಲ್ಲಿ ಶಂಕುಸ್ಥಾಪನೆಯಾಯಿತು. ೧೯೯೫ರ ಹೊತ್ತಿಗೆ ನೀರು ನಿಂತಿತು. ನಡುವೆ ಅರವತ್ತಕ್ಕೂ ಹೆಚ್ಚು ಗೇಟುಗಳುಳ್ಳ ಕೋಡಿ, ಪಕ್ಕಗಳಲ್ಲಿ ಮಣ್ಣಿನ ಏರಿ. ಎಡಬಲ ಕಾಲುವೆಗಳಿಂದ ಒಂದು ಲಕ್ಷ ಎಕರೆಗೂ ಮಿಕ್ಕಿದ ಭೂಮಿಗೆ ನೀರುಣಿಸುವುದು ಅದರ ಗುರಿ. ಬಲದ ಕಾಲುವೆಗೆ ಗದ್ವಾಲ ಕೋಟೆಯನ್ನು ಕಟ್ಟಿಸಿದ ಸೋಮನಾದ್ರಿಯ ಹೆಸರಿದೆ. ಕಟ್ಟೆಯ ಬುಡದಲ್ಲಿ ತಲಾ ೩೯ ಮೆಗಾವಾಟಿನ ೬ ಯಂತ್ರಗಳು, ಒಟ್ಟು ೨೩೪ ಮೆಗಾವಾಟು. ಹೊಳೆಯ ಕೆಳಭಾಗದಲ್ಲಿ ಆ ಮೇಲೆ ಎದ್ದ ಕೆಳಜೂರಾಲದಲ್ಲಿ ೨೪೦ ಮೆಗಾವಾಟು.

ಈ ಯಂತ್ರಗಳು ನೀರನ್ನು ಕುಡಿಯುವುದಿಲ್ಲ. ನೀರು ಮೇಲಿನಿಂದ ಕೆಳಕ್ಕೆ ಬೀಳುವ ರಭಸದಿಂದ ಚಕ್ರ ತಿರುಗುವುದು, ನೀರು ಮತ್ತೆ ಹೊಳೆಗೆ ಸೇರುವುದು. ಬೀಳುವ ಎತ್ತರ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಆದುದರಿಂದ ವಿದ್ಯುತ್ತನ್ನು ಹುಟ್ಟಿಸುವವನು ಕಟ್ಟೆ ಸದಾ ತುಂಬಿರಲೆಂದು ಬಯಸುವನು. ನೆರೆಯನ್ನು ತಡೆಯಬೇಕಾದವನ ಬಯಕೆ ಇದಕ್ಕೆ ತದ್ವಿರುದ್ಧ. ಬರುವ ಮಹಾಪೂರಕ್ಕೆ ಒಡಲಲ್ಲಿ ಎಡೆ ಇರಬೇಕಾದರೆ ಕಟ್ಟೆ ಮುಂಚಿತವಾಗಿ ಬರಿದಾಗಿರಬೇಕು. ತುಂಬಿದ ಕೊಡ ಮಳೆಯ ನೀರನ್ನು ಹಿಡಿಯದು. ಒಂದೇ ಕಟ್ಟೆ ಬೆಳಕನ್ನೂ ಕೊಡುವುದು, ನೆರೆಯನ್ನೂ ತಡೆಯುವುದು, ಬೇಸಿಗೆಗೆ ನೀರನ್ನೂ ಉಳಿಸುವುದು ಎಂದು ಉದ್ಘಾಟನೆಯ ದಿನ ಮೂರು ಮಾತುಗಳನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಮೂರೂ ಸುಳ್ಳಲ್ಲ, ಆದರೆ ಮೂರೂ ಒಂದೇ ದಿನ ನಿಜವಾಗಲಾರವು. ಆಗಸ್ಟ್ ತಿಂಗಳ ಒಂದು ರಾತ್ರಿ ಗೇಟನ್ನು ಎತ್ತಬೇಕೋ ಇಳಿಸಬೇಕೋ ಎಂದು ಯೋಚಿಸುವವನು ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಅವನ ಆಯ್ಕೆಯ ಫಲವನ್ನು ಉಣ್ಣುವವರು ಕೆಳಗಿನ ಹಳ್ಳಿಗರು.

ಈಗ ಲೆಕ್ಕಕ್ಕೆ ಬರೋಣ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಹೊಳೆಯಲ್ಲಿ ಒಂದು ಲಕ್ಷ ಕ್ಯೂಸೆಕ್ಸ್ ನೀರು ಇಡೀ ದಿನ ಹರಿದರೆ ೮.೬೪ ಟಿ.ಎಂ.ಸಿ. ಆಗುವುದು. ಜೂರಾಲದ ಮೂಲ ಸಾಮರ್ಥ್ಯ ೧೧.೯೪ ಟಿ.ಎಂ.ಸಿ.; ಹೂಳು ಕೂಡಿ ಅದು ೯.೬೬ಕ್ಕೆ ಇಳಿದಿದೆ. ಐದು ಲಕ್ಷ ಕ್ಯೂಸೆಕ್ಸ್ ಪ್ರವಾಹ ಬಂದಿತೆಂದು ಭಾವಿಸೋಣ. ಅದು ಗಂಟೆಗೆ ೧.೮ ಟಿ.ಎಂ.ಸಿ. ಕಟ್ಟೆ ಪೂರ್ತಿ ಬರಿದಾಗಿದ್ದರೂ ಐದೂವರೆ ಗಂಟೆಯೊಳಗೆ ತುಂಬಿಬಿಡುವುದು. ಎಂದ ಮೇಲೆ ಜೂರಾಲ ದೊಡ್ಡ ನೆರೆಯನ್ನು ತಡೆಯುವ ಕಟ್ಟೆಯಲ್ಲ. ನೆರೆಯನ್ನು ಮುಂದಕ್ಕೆ ದಾಟಿಸುವ ಕಟ್ಟೆ. ಮೇಲಿನ ಆಲಮಟ್ಟಿ ೧೨೩ ಟಿ.ಎಂ.ಸಿ.ಯ ದೊಡ್ಡ ಕಟ್ಟೆಯಾದರೂ ಅದೇ ಪ್ರವಾಹಕ್ಕೆ ಬರಿದಾದ ಅದರ ಒಡಲು ಮೂರು ದಿನವೂ ಸಾಲದು. ಮಳೆಗಾಲದ ನಡುವೆ ಅದು ಬರಿದಾಗಿರುವುದೂ ಇಲ್ಲ. ಕಟ್ಟೆಯಿದೆ, ಇನ್ನು ನೆರೆಯ ಭಯವಿಲ್ಲ ಎಂದು ಹೊಳೆಯ ಪಾತ್ರದಲ್ಲಿ ಮನೆ ಕಟ್ಟುವವನು ಈ ಲೆಕ್ಕವನ್ನು ಒಮ್ಮೆ ಹಲಗೆಯ ಮೇಲೆ ಬರೆದು ನೋಡಬೇಕು.

೨೦೦೯ರ ಪಾಠ

ಲೆಕ್ಕದಿಂದ ತಿಳಿಯದವರಿಗೆ ೨೦೦೯ ತಿಳಿಸಿತು. ಆ ವರ್ಷದ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದ ಮೇಲೆ, ಕರ್ನೂಲು ಮತ್ತು ಮಹಬೂಬನಗರ ಸೀಮೆಗಳ ಮೇಲೆ ಮಳೆ ಮುರಿದುಬಿದ್ದಿತು. ಮಳೆಗಾಲ ಮುಗಿಯುತ್ತ ಬಂದಿದ್ದುದರಿಂದ ಕಟ್ಟೆಗಳೆಲ್ಲ ಬೇಸಿಗೆಗೆಂದು ತುಂಬಿ ನಿಂತಿದ್ದವು. ಬಾಗಲಕೋಟೆ, ಬಿಜಾಪುರ, ರಾಯಚೂರು ಜಿಲ್ಲೆಗಳಲ್ಲಿ ಊರೂರುಗಳು ಕುಸಿದವು. ಕರ್ನಾಟಕವೊಂದರಲ್ಲಿಯೇ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ತುಂಗಭದ್ರೆ ಮಂತ್ರಾಲಯವನ್ನು ಹೊಕ್ಕಳು. ನಮ್ಮ ನೆರೆಯ ರಾಜೋಳಿಯಲ್ಲಿ ನೇಕಾರರ ಮಗ್ಗಗಳು ಕೆಸರಿನಲ್ಲಿ ಹೂತವು. ಆಲಂಪುರಕ್ಕೆ ನೀರು ನುಗ್ಗಿತು. ಅಕ್ಟೋಬರ್ ೨ರಂದು ಕರ್ನೂಲು ನಗರ ಮುಳುಗಿತು. ೧೯ ಲಕ್ಷ ಕ್ಯೂಸೆಕ್ಸ್ ಸಾಗಿಸಲೆಂದು ಕಟ್ಟಿದ ಶ್ರೀಶೈಲದ ಕಟ್ಟೆಗೆ ಸುಮಾರು ೨೫ ಲಕ್ಷ ಕ್ಯೂಸೆಕ್ಸ್ ಬಂದಿತು. ಕಟ್ಟೆ ಉಳಿದುದು ನಮ್ಮ ಪುಣ್ಯ.

ಶ್ರೀಶೈಲದ ಹಿನ್ನೀರು ನಮ್ಮ ಸೀಮೆಗೆ ಹೊಸದಲ್ಲ. ವಿದ್ಯುತ್ತಿಗಾಗಿ ಎದ್ದ ಆ ಕಟ್ಟೆಗೆ ಮಹಬೂಬನಗರ, ಕರ್ನೂಲು ಜಿಲ್ಲೆಗಳ ನೂರಕ್ಕೂ ಹೆಚ್ಚು ಹಳ್ಳಿಗಳು ತಮ್ಮ ನೆಲವನ್ನು ಕೊಟ್ಟವು. ಎರಡು ಹೊಳೆಗಳ ಸಂಗಮದ ಕೂಡವಲ್ಲಿಯಲ್ಲಿದ್ದ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಜೋಡಿಸಿದರು. ಗುಡಿಯ ಕಲ್ಲಿಗೆ ಅಂಕಿ ಹಾಕಿ ಎತ್ತಿಟ್ಟಂತೆ ಊರನ್ನು ಎತ್ತಿಡಲು ಬರುವುದಿಲ್ಲ. ನಾಡಿಗೆಲ್ಲ ದೀಪ ಹತ್ತಿದಾಗ ಆ ದೀಪದ ಎಣ್ಣೆ ಯಾರ ಮನೆಯದೆಂಬುದನ್ನು ಒಂದು ಕ್ಷಣವಾದರೂ ನೆನೆಯುವುದು ಧರ್ಮ.

ಆ ವರ್ಷದ ನೆರೆಯಲ್ಲಿ ಮಳೆಯ ತಪ್ಪೆಷ್ಟು, ಗೇಟಿನ ತಪ್ಪೆಷ್ಟು ಎಂದು ತೂಗುವುದು ಈ ಲೇಖನದ ಉದ್ದೇಶವಲ್ಲ. ಅಷ್ಟು ಮಳೆಗೆ ಯಾವ ಕಟ್ಟೆಯೂ ಸಾಲದು. ಆದರೆ ನೀರಿಗಿಂತ ಮೊದಲು ಸುದ್ದಿ ತಲುಪುವ ಊರಿನಲ್ಲಿ ಗೋಡೆ ಬಿದ್ದರೂ ಜನ ಉಳಿಯುತ್ತಾರೆ. ಸುದ್ದಿಗಿಂತ ಮೊದಲು ನೀರು ತಲುಪುವ ಊರಿನಲ್ಲಿ ಎರಡೂ ಉಳಿಯವು. ನಾರಾಯಣಪುರದ ಕಟ್ಟೆಯಿಂದ ಬಿಟ್ಟ ನೀರು ಕೃಷ್ಣಾ, ಮಕ್ತಲ್ ಕಡೆಯ ಹಳ್ಳಿಗಳ ದಂಡೆಗೆ ಬರಲು ಗಂಟೆಗಳು ಹಿಡಿಯುವುವು. ಬಿಟ್ಟೆವೆಂಬ ಮಾತು ಬರಲು ಒಂದು ನಿಮಿಷ ಸಾಕು. ಕೃಷ್ಣೆಗೆ ದೇವಸೂಗೂರಿನಲ್ಲಿ, ಭೀಮೆಗೆ ಯಾದಗಿರಿಯಲ್ಲಿ, ತುಂಗಭದ್ರೆಗೆ ಮಂತ್ರಾಲಯದಲ್ಲಿ ಕೇಂದ್ರ ಜಲ ಆಯೋಗದ ಅಳತೆಗಂಬಗಳಿವೆ. ನೀರಿನ ಮಟ್ಟವನ್ನು ಅಳೆಯುವವರಿದ್ದಾರೆ, ಬರೆದಿಡುವವರಿದ್ದಾರೆ. ಆ ಅಂಕಿಯನ್ನು ದಂಡೆಯ ಮೇಲಿನ ಕುರುಬನಿಗೂ ಅಂಬಿಗನಿಗೂ ಅವನ ಮಾತಿನಲ್ಲಿ ಮುಟ್ಟಿಸುವ ಕೊನೆಯ ಒಂದು ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದುದು.

ತಲೆಯೊಂದು ಕಡೆ, ಒಡಲೊಂದು ಕಡೆ

ಇನ್ನು ತುಂಗಭದ್ರೆಯ ಕಡೆಗೆ ಹೊರಳೋಣ. ಐಜದ ರೈತನ ಬಾಯಲ್ಲಿ ಆರ್.ಡಿ.ಎಸ್. ಕಾಲುವೆ ಎಂಬ ಹೆಸರು ಬಾರದ ದಿನವಿಲ್ಲ. ರಾಜಲಬಂಡವೆಂದೂ ರಾಜೋಳಿಬಂಡವೆಂದೂ ಕರೆಯುವ ಊರಿನಲ್ಲಿ, ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ, ಹೊಳೆಗೆ ಅಡ್ಡಲಾಗಿ ಕಲ್ಲಿನ ಆಣೆಯೊಂದಿದೆ. ಇದು ನೀರನ್ನು ಕೂಡಿಡುವ ದೊಡ್ಡ ಕಟ್ಟೆಯಲ್ಲ. ಹೊಳೆಯ ಮಟ್ಟವನ್ನು ತುಸು ಎತ್ತರಿಸಿ ನೀರನ್ನು ಎಡದಂಡೆಯ ಕಾಲುವೆಗೆ ತಿರುಗಿಸುವುದಷ್ಟೇ ಇದರ ಕೆಲಸ. ಮಿಕ್ಕ ನೀರು ಇದರ ತಲೆಯ ಮೇಲಿಂದಲೇ ಹರಿದುಹೋಗುವುದು. ಏರಿಗೂ ಆಣೆಗೂ ಇರುವ ಅಂತರವಿದು. ಮೊದಲನೆಯದು ನೀರು ತಲೆ ಹತ್ತಿದರೆ ಸಾಯುವುದು, ಎರಡನೆಯದು ನೀರನ್ನು ತಲೆಯ ಮೇಲೆ ಹೊತ್ತೇ ಬದುಕುವುದು.

ನಿಜಾಮರ ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಈ ಯೋಜನೆ ಮೊದಲಾಯಿತು. ಆಗ ಆಣೆಯಿದ್ದ ಮಾನ್ವಿಯೂ ನೀರುಣ್ಣಬೇಕಾದ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಒಂದೇ ರಾಯಚೂರು ಜಿಲ್ಲೆಯಲ್ಲಿದ್ದವು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ ಮತ್ತು ಆಲಂಪುರಗಳು ಮಾತ್ರ ಅದರಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಹೋದವು. ೨೦೧೪ರಲ್ಲಿ ಅವು ತೆಲಂಗಾಣದವಾದವು; ೨೦೧೬ರಿಂದ ಜೋಗುಲಾಂಬಾ ಗದ್ವಾಲ ಜಿಲ್ಲೆಯಲ್ಲಿವೆ. ಹೀಗೆ ಒಂದು ಕಾಲುವೆಯ ತಲೆ ಒಂದು ರಾಜ್ಯದಲ್ಲಿ, ಒಡಲು ಮತ್ತೊಂದು ರಾಜ್ಯದಲ್ಲಿ ಉಳಿಯಿತು. ೧೪೩ ಕಿಲೋಮೀಟರಿನ ಕಾಲುವೆಯಲ್ಲಿ ಮೊದಲ ಸುಮಾರು ೪೨ ಕಿಲೋಮೀಟರು ಕರ್ನಾಟಕದ್ದು. ಅಚ್ಚುಕಟ್ಟಿನಲ್ಲಿ ೫,೮೭೯ ಎಕರೆ ರಾಯಚೂರಿನದು, ೮೭,೫೦೦ ಎಕರೆ ನಮ್ಮ ಕಡೆಯದು. ಬಚಾವತ್ ನ್ಯಾಯಾಧಿಕರಣ ೧೯೭೦ರ ದಶಕದಲ್ಲಿ ಈ ಯೋಜನೆಗೆ ೧೭.೧ ಟಿ.ಎಂ.ಸಿ. ನೀರನ್ನು ಗೊತ್ತುಮಾಡಿತು, ಅದರಲ್ಲಿ ೧.೨ ಕರ್ನಾಟಕಕ್ಕೆ, ೧೫.೯ ಇತ್ತಣ ಭೂಮಿಗೆ.

ಕಾಗದದ ಮೇಲೆ ಇದು ದೊಡ್ಡ ಪಾಲೇ. ೧೫.೯ ಟಿ.ಎಂ.ಸಿ.ಯನ್ನು ೮೭,೫೦೦ ಎಕರೆಗೆ ಹಂಚಿದರೆ ಪ್ರತಿ ಎಕರೆಯ ಮೇಲೆ ನಾಲ್ಕಡಿಗೂ ಹೆಚ್ಚು ನೀರು ನಿಲ್ಲುವುದು. ದಾರಿಯಲ್ಲಿ ಇಂಗುವುದನ್ನೂ ಆರುವುದನ್ನೂ ಕಳೆದರೂ ಬೆಳೆಗೆ ಕೊರತೆಯಾಗದು. ಆದರೆ ಈ ಪಾಲಿನ ಮೂರರಲ್ಲೊಂದು ಭಾಗವೂ ದಕ್ಕದ ವರ್ಷಗಳನ್ನು ಕೊನೆಭಾಗದ ರೈತರು ಕಂಡಿದ್ದಾರೆ. ಆ ಲೆಕ್ಕದಲ್ಲಿ ಎಕರೆಗೆ ಒಂದೂವರೆ ಅಡಿಯೂ ಇಲ್ಲ, ಅದೂ ಸರಾಸರಿ. ತಲೆಯ ಹೊಲದಲ್ಲಿ ಭತ್ತ ನಿಂತಿರುವಾಗ ಬಾಲದ ಹೊಲದಲ್ಲಿ ಜೋಳಕ್ಕೂ ತೇವವಿಲ್ಲದಿರುವುದುಂಟು.

ಕಾರಣಗಳು ಹಲವು. ಆಣೆಯ ಹಿಂದೆ ಹೂಳು ತುಂಬಿದೆ. ಕಾಲುವೆಯ ಮೈ ಸಡಿಲವಾಗಿದೆ. ಮೇಲಿನ ತುಂಗಭದ್ರಾ ಜಲಾಶಯವೇ ಹೂಳಿನಿಂದ ಕುಗ್ಗಿದೆ. ೧೯೫೩ರಲ್ಲಿ ಸುಮಾರು ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಅದು ಈಗ ಹಿಡಿಯುವುದು ಸುಮಾರು ೧೦೫. ೨೦೨೪ರ ಆಗಸ್ಟ್ ೧೦ರ ರಾತ್ರಿ ಅದರ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ ಕಟ್ಟೆಯ ನೀರು ದಿನಗಟ್ಟಲೆ ಹೊಳೆಯ ಪಾಲಾಗುವುದನ್ನು ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದು ನೋಡಿದರು. ಕೆಲಸಗಾರರು ಹರಿವ ನೀರಿನಲ್ಲಿಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಅದನ್ನು ಮುಚ್ಚಿದುದು ಮೆಚ್ಚತಕ್ಕ ಸಾಹಸ. ಆದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಅದು ಉದಾಹರಣೆಯಾಗಬಾರದೆಂದರೆ, ಎಪ್ಪತ್ತು ವರ್ಷ ಹಳೆಯ ಸರಪಳಿಗಳನ್ನು ಮಳೆಗಾಲಕ್ಕೆ ಮುನ್ನವೇ ಪರೀಕ್ಷಿಸಬೇಕು. ರಾಜಲಬಂಡದ ಆಣೆಯ ನವೀಕರಣದ ಮಾತು ಎಷ್ಟೋ ವರ್ಷದ್ದು. ಬಲದಂಡೆಯ ಕರ್ನೂಲು ಕಡೆಯ ರೈತರಿಗೆ ತಮ್ಮ ನೀರು ಕಡಿಮೆಯಾದೀತೆಂಬ ಆತಂಕ. ಅವರದೂ ಹೊಟ್ಟೆಯೇ.

ಇನ್ನೊಂದು ಕಾರಣವನ್ನು ಬಚ್ಚಿಡುವುದು ಸರಿಯಲ್ಲ. ಕಾಲುವೆಯ ದಂಡೆಗೆ ಕಳ್ಳತನದಿಂದ ಪಂಪು ಹಚ್ಚುವವರು, ತೂಬಿನ ಬೀಗ ಮುರಿಯುವವರು, ಒಡ್ಡನ್ನು ಕಡಿಯುವವರು ತಲೆಭಾಗದಲ್ಲಿಯೂ ಇದ್ದಾರೆ, ನಮ್ಮ ಊರುಗಳಲ್ಲಿಯೂ ಇದ್ದಾರೆ. ಮಾನ್ವಿಯ ರೈತ ಕನ್ನಡಿಗ. ಅವನ ಮಗಳನ್ನು ಐಜಕ್ಕೆ ಕೊಟ್ಟಿದ್ದಾನೆ. ಐಜದ ರೈತನ ಸೊಸೆ ರಾಯಚೂರಿನವಳು. ಮದುವೆಯ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಉಣ್ಣುವ ಬೀಗರು ಕಾಲುವೆಯ ಬಳಿ ಒಬ್ಬರನ್ನೊಬ್ಬರು ಅರಿಯದವರಂತೆ ವರ್ತಿಸಿದರೆ ನಾವು ಭಾಷೆಯ ಹೆಸರಿನಲ್ಲಿ ಆಡುವ ಬಾಂಧವ್ಯದ ಮಾತಿಗೆ ಬೆಲೆಯೇನು? ಕನ್ನಡದ ಅಭಿಮಾನ ನೀರಿನ ಸರದಿಯಲ್ಲಿ ಪರೀಕ್ಷೆಗೆ ನಿಲ್ಲುತ್ತದೆ. ಅಲ್ಲಿ ಸೋತ ಅಭಿಮಾನ ಸಭೆಯಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ಸೋತದ್ದೇ.

ಈ ಕೊರತೆಯನ್ನು ತುಂಬಲು ತೆಲಂಗಾಣ ಸರ್ಕಾರ ೨೦೧೮ರಲ್ಲಿ ತುಮ್ಮಿಳ್ಳದಲ್ಲಿ ಏತ ನೀರಾವರಿಯನ್ನು ಆರಂಭಿಸಿತು. ತುಂಗಭದ್ರೆಯಿಂದ ನೀರನ್ನು ಯಂತ್ರದಿಂದೆತ್ತಿ ಇದೇ ಕಾಲುವೆಯ ಕೆಳಭಾಗಕ್ಕೆ ಸೇರಿಸುವುದು ಅದರ ಕೆಲಸ. ಒಣಗುವ ಬೆಳೆಗೆ ಅದು ಆಸರೆಯಾಗಿದೆ, ಸಂತೋಷ. ಆದರೂ ವಿಚಾರವಂತರು ಒಂದು ಮಾತನ್ನು ಗಮನಿಸಬೇಕು. ಇಳಿಜಾರಿನಲ್ಲಿ ತಾನಾಗಿ, ಒಂದು ಕಾಸಿನ ಖರ್ಚಿಲ್ಲದೆ ಇಳಿದುಬರಬೇಕಾದ ನೀರನ್ನು ನಾವು ವಿದ್ಯುತ್ತು ಸುಟ್ಟು ಮೇಲೆತ್ತುತ್ತಿದ್ದೇವೆ. ಒಂದು ಕಟ್ಟೆಯಲ್ಲಿ ನೀರನ್ನು ಬೀಳಿಸಿ ವಿದ್ಯುತ್ತು ಪಡೆದು, ಇನ್ನೊಂದು ಕಡೆ ಆ ವಿದ್ಯುತ್ತಿನಿಂದ ನೀರನ್ನು ಎತ್ತುವುದು. ಹೂಳು ತೆಗೆಸಿ ನ್ಯಾಯವಾಗಿ ಹಂಚಿಕೊಳ್ಳಲು ಆಗದ ನೆರೆಹೊರೆಯವರು ತೆರುವ ದಂಡ ಇದಲ್ಲದೆ ಮತ್ತೇನು?

ಮಾಡತಕ್ಕ ಕೆಲಸ

ಕೂಡಿ ನಡೆಯುವುದು ಅಸಾಧ್ಯವೆನ್ನುವವರಿಗೆ ಜೂರಾಲವೇ ಉತ್ತರ. ಆ ಕಟ್ಟೆಯ ಹಿನ್ನೀರು ರಾಯಚೂರು ಸೀಮೆಯ ಹಳ್ಳಿಗಳಿಗೆ ತಾಗಿತು. ಪರಿಹಾರದ ಮಾತುಕತೆ ವರ್ಷಗಟ್ಟಲೆ ನಡೆಯಿತು. ಆದಾಗ್ಯೂ ಅಲ್ಲಿನ ವಿದ್ಯುದಾಗಾರದ ವೆಚ್ಚವನ್ನೂ ವಿದ್ಯುತ್ತನ್ನೂ ಸಮಪಾಲು ಮಾಡಿಕೊಳ್ಳಲು ಎರಡು ರಾಜ್ಯಗಳು ಒಪ್ಪಿಕೊಂಡವು. ತುಂಗಭದ್ರಾ ಕಟ್ಟೆಯನ್ನು ಹೈದರಾಬಾದೂ ಮದರಾಸೂ ಸೇರಿ ಕಟ್ಟಿದವು. ರಾಜ್ಯಗಳು ಒಡೆದ ಮೇಲೆಯೂ ಒಂದು ಮಂಡಲಿ ಅದನ್ನು ನಡೆಸುತ್ತ ಬಂದಿದೆ. ಬೆಳಕನ್ನು ಹಂಚಿಕೊಳ್ಳಬಲ್ಲವರು ಸುದ್ದಿಯನ್ನು ಹಂಚಿಕೊಳ್ಳಲಾರರೆ? ಗಡಿಯ ಪ್ರಶ್ನೆ ಎಂದು ಹೇಗೆ ತೀರ್ಮಾನವಾಗುವುದೋ ಆಗಲಿ. ನೀರು ಆ ತೀರ್ಮಾನಕ್ಕಾಗಿ ಕಾಯುವುದಿಲ್ಲ.

ಆದುದರಿಂದ ನಾಲ್ಕು ಕೆಲಸಗಳನ್ನು ಗ್ರಾಮಬಂಧುಗಳಿಗೆ ಸೂಚಿಸುತ್ತೇವೆ. ಮೊದಲನೆ, ಹೊಳೆಯ ದಂಡೆಯ ಪ್ರತಿಯೊಂದು ಊರಿನ ಚಾವಡಿಯಲ್ಲಿಯೋ ಶಾಲೆಯ ಗೋಡೆಯ ಮೇಲೆಯೋ ಒಂದು ಕರಿಹಲಗೆ ಇರಲಿ. ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಮೇಲಿನ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಅಂಕಿಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದರ ಮೇಲೆ ಬರೆಯಬೇಕು. ಈ ಅಂಕಿಗಳನ್ನು ಇಲಾಖೆಗಳು ಸಾರ್ವಜನಿಕವಾಗಿ ಪ್ರಕಟಿಸುತ್ತವೆ. ಕೈಯಲ್ಲಿ ದೂರವಾಣಿಯಿರುವ ಒಬ್ಬ ಯುವಕ ಸಾಕು. ಬರೆಯುವ ಕೆಲಸವನ್ನು ಮೇಲಿನ ತರಗತಿಯ ಮಕ್ಕಳಿಗೆ ವಹಿಸಿದರೆ ಗಣಿತವೂ ಬಂದಿತು, ಊರೂ ಉಳಿಯಿತು.

ಎರಡನೆಯದು, ೨೦೨೧ರ ಅಣೆಕಟ್ಟು ಸುರಕ್ಷತಾ ಕಾಯಿದೆಯನ್ನು ಅರಿತುಕೊಳ್ಳುವುದು. ದೊಡ್ಡ ಅಣೆಕಟ್ಟಿನ ಒಡೆತನವುಳ್ಳವರು ಆಪತ್ಕಾಲದ ಕಾರ್ಯಯೋಜನೆಯನ್ನು ಸಿದ್ಧಪಡಿಸಬೇಕೆಂದೂ, ಹಳೆಯ ಕಟ್ಟೆಗಳಿಗೆ ಐದು ವರ್ಷದೊಳಗೆ ಅದು ಆಗಬೇಕೆಂದೂ ಆ ಕಾಯಿದೆ ವಿಧಿಸಿದೆ. ನಮ್ಮ ಊರು ಯಾವ ಮಟ್ಟದ ನೀರಿಗೆ ಮುಳುಗುವುದು, ಆಗ ನಾವು ಯಾವ ದಾರಿಯಿಂದ ಎಲ್ಲಿಗೆ ಹೋಗಬೇಕು, ನಮಗೆ ಹೇಳುವವರು ಯಾರು, ಯಾವ ಮಾತಿನಲ್ಲಿ ಹೇಳುವರು ಎಂದು ಅಧಿಕಾರಿಗಳನ್ನು ಕೇಳುವುದು ಧಾರ್ಷ್ಟ್ಯವಲ್ಲ, ನಾಗರಿಕನ ಕರ್ತವ್ಯ. ಅರ್ಜಿ ಬರೆಯಲು ಭಾಷೆಯ ಅಂಜಿಕೆ ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ ೩೫೦ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಕನ್ನಡ ನಿನ್ನೆ ಬಂದ ಭಾಷೆಯಲ್ಲ.

ಮೂರನೆಯದು, ಕಾಲುವೆ ಗಡಿ ದಾಟುವ ಸ್ಥಳದಲ್ಲಿ ನೀರಿನ ಅಳತೆಗೆ ಎರಡು ಕಡೆಯ ರೈತರೂ ಒಟ್ಟಿಗೆ ಸಾಕ್ಷಿಯಾಗುವುದು. ಮಾನ್ವಿ ಕಡೆಯ ಇಬ್ಬರು, ಐಜದ ಕಡೆಯ ಇಬ್ಬರು, ಕೊನೆಯ ಆಲಂಪುರದ ಕಡೆಯ ಇಬ್ಬರು ವಾರಕ್ಕೊಮ್ಮೆ ಅಳತೆಗಂಬದ ಬಳಿ ಸೇರಿ ಒಂದೇ ಪುಸ್ತಕದಲ್ಲಿ ಅಂಕಿ ಬರೆದು ರುಜು ಮಾಡಲಿ. ನಿಮ್ಮ ಲೆಕ್ಕ ಸುಳ್ಳು, ನಮ್ಮದು ನಿಜ ಎಂಬ ಜಗಳ ಅಲ್ಲಿಗೆ ಅರ್ಧ ತೀರುವುದು. ಹಿಂದೆ ಕೆರೆಯ ನೀರನ್ನು ಸರದಿಯಂತೆ ಬಿಡುತ್ತಿದ್ದ ನೀರುಗಂಟಿಯ ಮಾತಿಗೆ ಊರ ಗೌಡನೂ ತಲೆಬಾಗುತ್ತಿದ್ದ. ಅವನ ಅಧಿಕಾರ ಕೋಲಿನದಾಗಿರಲಿಲ್ಲ. ಎಲ್ಲರೂ ನೋಡುತ್ತಿರುವಾಗ ಅಳೆಯುತ್ತಿದ್ದುದರಿಂದ ಬಂದ ಅಧಿಕಾರ ಅದು.

ನಾಲ್ಕನೆಯದು ನಮ್ಮ ಕೈಯಲ್ಲಿಯೇ ಇರುವುದು. ಹೊಲಗಾಲುವೆಯ ಹೂಳನ್ನು ನಾವೇ ತೆಗೆಯೋಣ. ಕೆಳಗಿನ ಹೊಲದವನ ಸರದಿಯ ದಿನ ನಮ್ಮ ತೂಬನ್ನು ನಾವೇ ಮುಚ್ಚೋಣ. ಮೇಲಿನವರು ನಮಗೆ ಅನ್ಯಾಯ ಮಾಡಿದರೆಂದು ದೂರುವ ನಾಲಿಗೆಗೆ, ನಮ್ಮ ಕೆಳಗಿನವನು ನಮ್ಮನ್ನು ದೂರದಂತೆ ಇರುವ ಯೋಗ್ಯತೆ ಬೇಕು. ಕಾಲುವೆಯ ಕೊನೆಯ ಹೊಲದ ಹೊರತು ಪ್ರತಿಯೊಬ್ಬ ರೈತನೂ ಯಾರಿಗೋ ಮೇಲಿನವನು, ಯಾರಿಗೋ ಕೆಳಗಿನವನು. ಮೇಲಿನವನಾಗಿ ನಡೆದುಕೊಳ್ಳುವುದನ್ನು ಕಲಿತವನಿಗೆ ಮಾತ್ರ ಕೆಳಗಿನವನಾಗಿ ಕೇಳುವ ಬಲ ಬರುವುದು.

ಕಟ್ಟೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಕಟ್ಟೆಯಿಲ್ಲದಿದ್ದರೆ ಈ ಎಡೆದೊರೆಯ ಹತ್ತಿ ಬೀಜದ ಹೊಲಗಳಿಲ್ಲ, ರಾತ್ರಿ ಓದುವ ಮಕ್ಕಳ ಮುಂದೆ ದೀಪವಿಲ್ಲ. ಆದರೆ ಕಲ್ಲನ್ನು ತುಂಬಿದ ಮಾತ್ರಕ್ಕೆ ಕಟ್ಟೆ ಮುಗಿಯಲಿಲ್ಲ. ಅದರ ಗೇಟಿನ ಸುದ್ದಿ ಕೊನೆಯ ಗುಡಿಸಲಿಗೆ ತಲುಪಿ, ಅದರ ನೀರು ಕೊನೆಯ ಹೊಲಕ್ಕೆ ಮುಟ್ಟಿದ ದಿನ ಅದು ಪೂರ್ಣವಾಗುವುದು. ಈ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲಿಯೂ ಒಂದು ಸಭೆ ಸೇರಲಿ, ಕರಿಹಲಗೆಗೆ ಜಾಗ ಗೊತ್ತಾಗಲಿ, ಬರೆಯುವವರ ಹೆಸರು ನಿಶ್ಚಯವಾಗಲಿ. ಅಷ್ಟಾದರೆ ನಾವು ಇಲ್ಲಿ ಬರೆದುದು ಸಾರ್ಥಕ.